ಪುಸ್ತಕ ಓದಿದವರ ಜೋಡಿ ಚಾ ಕುಡೀಬ್ಯಾಡ್ರಿ

ಕಾದಂಬರಿ ಓದುವವರಿಂದ ಊರಿಗೆ ಯಾವ ತೊಂದರೆಯೂ ಇಲ್ಲ. ನಾಯಕಿ ಸತ್ತರೆ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ, ಮದುವೆಯಾದರೆ ನಿಟ್ಟುಸಿರು ಬಿಡುತ್ತಾರೆ, ದೀಪ ಆರಿಸಿ ಮಲಗುತ್ತಾರೆ. ಬೆಳಗಾದರೆ ಎದ್ದು ಎಮ್ಮೆ ಹಿಂಡುತ್ತಾರೆ. ತೊಂದರೆ ಇರುವುದು ಖರೇ ಸಂಗತಿಯ ಪುಸ್ತಕ ಓದುವವರಿಂದ. ಆತ್ಮಕಥೆ, ಚರಿತ್ರೆ, ವಿಜ್ಞಾನ, ಒಕ್ಕಲುತನ, ರೊಕ್ಕ ಗಳಿಸುವ ವಿದ್ಯೆ, ಇಂಥದೊಂದು ಮುಗಿಸಿದ ಮನುಷ್ಯ ಮನೆಯಲ್ಲಿ ನಿಲ್ಲುವುದಿಲ್ಲ. ಸೀದಾ ಚಾದಂಗಡಿಗೆ ಬರುತ್ತಾನೆ. ನಮಗೂ ಒಂದು ಚಾ ಹೇಳಿ, ಓದಿದ್ದನ್ನೆಲ್ಲ ನಮ್ಮ ಕಿವಿಗೆ ಸುರಿದು, ಎದ್ದು ಹೋಗುವಾಗ ಎರಡೂ ಚಾದ ರೊಕ್ಕ ನಮ್ಮ ಹೆಸರಿಗೆ ಹಚ್ಚಿ ಹೋಗುತ್ತಾನೆ.

ನಮ್ಮ ಮುಗಳಖೋಡ ರಾಯಬಾಗ ತಾಲೂಕಿನ ಊರು. ಭಕ್ತರಿಗೆ ಯಲ್ಲಾಲಿಂಗ ಮಹಾರಾಜರ ಮಠದಿಂದ ಗೊತ್ತು, ಸಕ್ಕರೆ ಕಾರಖಾನೆಯವರಿಗೆ ಕಬ್ಬಿನಿಂದ ಗೊತ್ತು. ಓದುಗರಿಂದ ಗೊತ್ತು ಎಂದು ಇದುವರೆಗೆ ಯಾರೂ ಅಂದಿಲ್ಲ. ಆದರೆ ನೀವೇ ಲೆಕ್ಕ ಹಾಕಿ ನೋಡ್ರಿ. ಕಬ್ಬು ಹಚ್ಚಿದ ಮೇಲೆ ವರ್ಷ ಕಾಯಬೇಕು. ಬೆಳೆದ ಮೇಲೆ ಕಡಿಯುವ ಟೋಳಿ ಬರುವತನಕ ಕಾಯಬೇಕು. ಕಡಿದ ಮೇಲೆ ಟ್ರ್ಯಾಕ್ಟರು ಕಾರಖಾನೆ ಗೇಟಿನಲ್ಲಿ ಸರದಿ ಕಾಯಬೇಕು. ನುರಿಸಿದ ಮೇಲೆ ಬಿಲ್ಲಿಗೆ ಕಾಯಬೇಕು. ಇಷ್ಟು ಕಾಯುವ ಮನುಷ್ಯ ಏನೂ ಓದದೆ ಇದ್ದರೆ ತಲೆ ಕೆಟ್ಟೀತು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ರೊಕ್ಕ ಮುಟ್ಟಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದಿದೆ. ನಮ್ಮ ಓಣಿಯ ಕಾಕಾ ಒಬ್ಬರು ಅದನ್ನು ಪೂರಾ ಓದಿ, ಕನ್ನಡಕ ತೆಗೆದು ಹೇಳಿದ್ದು ಇಷ್ಟೇ: "ಚಲೋ ಬರದಾನ ನೋಡಪಾ. ಕಲ್ಪನಾಶಕ್ತಿ ಭಾಳ ಐತಿ."

ಅಂದಿನಿಂದ ನನಗೆ ಒಂದು ಚಟ ಹತ್ತಿದೆ. ಯಾರೇ ಏನೇ ಓದಲಿ, ಓದಿದ ಮೇಲೆ ಏನೆನ್ನುತ್ತಾರೆ ಎಂದು ಕಿವಿಗೊಡುವುದು. ಪೇಪರಿನ ವಿಮರ್ಶೆಯಲ್ಲಿ ಬರುವ ಮಾತು ಅದಲ್ಲ. ಅದಕ್ಕೆ ಜೋಳದ ಹಿಟ್ಟಿನ ವಾಸನೆ ಇರುತ್ತದೆ, ಒಮ್ಮೊಮ್ಮೆ ತಂಬಾಕಿನದೂ.

ಈ ಊರಿಗೆ ಪುಸ್ತಕ ಬರುವ ಹಾದಿಯೇ ಒಂದು ಮಜಾ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂತು. ಅಲ್ಲಿಯವರೆಗೆ ಬೆಂಗಳೂರಿಗೆ ಅಲೆಯುತ್ತಿದ್ದ ನಮ್ಮ ಬದುವಿನ ಜಗಳಗಳೆಲ್ಲ ಧಾರವಾಡದ ಬಸ್ಸು ಹತ್ತಿದವು. ಕೋರ್ಟಿನಲ್ಲಿ ತಾರೀಖು ಮುಂದೆ ಹೋಗುವುದು ನಿಶ್ಚಿತ, ಮರಳಿ ಬರುವ ಬಸ್ಸಿಗೆ ಇನ್ನೂ ವೇಳೆ ಇರುವುದೂ ನಿಶ್ಚಿತ. ಹೊತ್ತು ಕಳೆಯಲು ಸುಭಾಷ ರಸ್ತೆಗೆ ಹೋಗುತ್ತಾರೆ, ಮನೋಹರ ಗ್ರಂಥಮಾಲೆಯ ಅಟ್ಟ ಹತ್ತುತ್ತಾರೆ, ಪೇಢೆಯ ಡಬ್ಬಿಯ ಜೋಡಿ ಒಂದು ಪುಸ್ತಕ ಹಿಡಿದುಕೊಂಡು ಊರಿಗೆ ಬರುತ್ತಾರೆ. 1933ರಲ್ಲಿ ಗ್ರಂಥಮಾಲೆ ಶುರು ಮಾಡಿದ ಜಿ. ಬಿ. ಜೋಶಿಯವರಿಗೆ, ಮುಂದೊಂದು ದಿನ ಬದುವಿನ ದಾವೆಯವರೂ ತಮ್ಮ ಗಿರಾಕಿ ಆಗುತ್ತಾರೆಂದು ಹೊಳೆದಿರಲಿಕ್ಕಿಲ್ಲ.

ಹಾಗೆ ಬಂದದ್ದೇ ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'. 2011ರ ಪುಸ್ತಕ, ನಮ್ಮೂರಿಗೆ ದಾವೆಯ ವೇಗದಲ್ಲೇ ಬಂತು. ತಂದವರು ನಮ್ಮ ಮಾಮಾ, ಅಣ್ಣತಮ್ಮಂದಿರ ಮೇಲೆ ದಾವೆ ಹೂಡಿದವರು. ಕಾರ್ನಾಡರು ಅದರಲ್ಲಿ ಮುಚ್ಚುಮರೆ ಇಲ್ಲದೆ ಒಂದು ಸಂಗತಿ ಹೇಳಿದ್ದಾರೆ. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ, ಮಕ್ಕಳು ಸಾಕೆಂದು ಗರ್ಭ ತೆಗೆಸಲು ತಂದೆತಾಯಿ ಪುಣೆಯಲ್ಲಿ ದವಾಖಾನೆಗೆ ಹೋಗಿದ್ದರು. ಡಾಕ್ಟರ್ ಮಧುಮಾಲತಿ ಗುಣೆ ಹೇಳಿದ ಹೊತ್ತಿಗೆ ಬರಲಿಲ್ಲ, ಕಾದು ಕಾದು ಅವರು ಮನೆಗೆ ಮರಳಿದರು, ಆಮೇಲೆ ಹೋಗಲಿಲ್ಲ. ಆ ಡಾಕ್ಟರರಿಗೇ ಪುಸ್ತಕ ಅರ್ಪಣೆಯಾಗಿದೆ. ಇಂಥ ಕಡೆ ದೊಡ್ಡ ಊರಿನ ಓದುಗರು ಮೌನವಾಗುತ್ತಾರಂತೆ. ನಮ್ಮ ಮಾಮಾ ಮೌನವಾಗುವ ಜಾತಿಯವರಲ್ಲ.

"ಒಬ್ಬ ಡಾಕ್ಟರ್ ಒಂದ ದಿನ ತಡಾ ಮಾಡಿದ್ದಕ್ಕ ಕನ್ನಡಕ್ಕೊಂದು ಜ್ಞಾನಪೀಠ ಬಂತ ನೋಡ್ರಿ," ಅಂದರು.

"ಹೌದ್ರಿ ಮಾಮಾ."

"ನಾ ತೋರಸೂ ದವಾಖಾನ್ಯಾಗ ದಿನಾ ತಡಾನ ಬರತಾರಲ್ಲೋ ತಮ್ಮಾ. ಆ ಲೆಕ್ಕಕ್ಕ ನಮ್ಮ ಕಡೆ ಇಷ್ಟೊತ್ತಿಗೆ ಎಷ್ಟ ಜ್ಞಾನಪೀಠ ಬರಬೇಕಾಗಿತ್ತ!"

ಆತ್ಮಕಥೆ ಓದುವವರಲ್ಲಿ ಇನ್ನೊಂದು ಪಂಗಡ ಇದೆ. ಅವರು ಪುಸ್ತಕವನ್ನು ಮೊದಲಿನಿಂದ ಓದುವುದಿಲ್ಲ. ತಮ್ಮ ಊರಿನ ಹೆಸರು ಎಲ್ಲಿ ಬಂದಿದೆ ಎಂದು ಹುಡುಕುತ್ತಾರೆ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 'ಕುಂದರನಾಡಿನ ಕಂದ' ಬರೆದರು. ನೆರೆಯ ಸೀಮೆಯ ಮನುಷ್ಯ, ನಮ್ಮ ಊರಿನ ಬಗ್ಗೆ ನಾಲ್ಕು ಸಾಲಾದರೂ ಬರೆದಿರಬೇಕೆಂದು ಒಬ್ಬರು ಪುಟ ತಿರುವಿದ್ದೇ ತಿರುವಿದ್ದು. ಸಿಗಲಿಲ್ಲ. ಅವರ ಅಭಿಪ್ರಾಯ ತಕ್ಷಣ ತಯಾರಾಯಿತು: "ಬರವಣಿಗಿ ಚಲೋ ಐತಿ, ಖರೆ ಮನಶ್ಯಾ ಭಾಳ ತಿರಗ್ಯಾಡಿಲ್ಲ." ಊರೂರು ಅಲೆದು ಪತ್ರಿಕೆ ನಡೆಸಿ, ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲು ಕಂಡ ಕಟ್ಟೀಮನಿಯವರು, ಮುಗಳಖೋಡಕ್ಕೆ ಬಂದದ್ದನ್ನು ಬರೆಯದ ಒಂದೇ ತಪ್ಪಿಗೆ ಮನೆಬಿಟ್ಟು ಹೊರಬೀಳದ ಮನುಷ್ಯ ಆಗಿಬಿಟ್ಟರು.

ಈ ಪಂಗಡದವರಿಗೆ ಸುತ್ತಲಿನ ದೊಡ್ಡವರ ಪಟ್ಟಿ ಬಾಯಿಪಾಠ. ಸದಲಗಾದ ಆ. ನೇ. ಉಪಾಧ್ಯೆ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಶೇಡಬಾಳದ ಮಿರ್ಜಿ ಅಣ್ಣಾರಾಯರು, 'ನಿಸರ್ಗ' ಬರೆದವರು. ಮಮದಾಪುರದ ಡಿ. ಸಿ. ಪಾವಟೆ, ಕೇಂಬ್ರಿಜಿನಲ್ಲಿ ರ‍್ಯಾಂಗ್ಲರ್ ಆಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ, ಮುಂದೆ ಪಂಜಾಬಿನ ರಾಜ್ಯಪಾಲರಾದವರು. "ಸುತ್ತೂ ಕಡೆ ಬರಿಯೋರ ಅದಾರ, ನಡುವ ನಾವು ಓದೋರ ಅದೇವಿ. ಇಬ್ಬರೂ ಬೇಕಲ್ಲ?" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಪಾವಟೆಯವರು ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅದನ್ನು ಓದಿಸಿಕೊಂಡು ಕೇಳಿದ ಒಬ್ಬ ತಂದೆ ಮನೆಗೆ ಹೋಗಿ ಮಗನಿಗೆ ಹೇಳಿದ್ದು: "ಮಮದಾಪುರದಾಂವ ಕೇಂಬ್ರಿಜ್ ಮಟಾ ಹೋದನಲೇ. ನೀ ಗೋಕಾಕ ಕಾಲೇಜಿಗೆ ಹೋಗಂದ್ರ ಬಸ್ಸ ಗದ್ದಲ ಇರತೈತಿ ಅಂತಿ." ಮಗ ಆವತ್ತಿನಿಂದ ಪಾವಟೆಯವರ ಹೆಸರು ಕೇಳಿದರೆ ಹಾದಿ ಬದಲಿಸುತ್ತಾನೆ. ದೊಡ್ಡವರ ಆತ್ಮಕಥೆಗಳಿಂದ ಎಷ್ಟು ಮಕ್ಕಳಿಗೆ ಎಷ್ಟು ಬೈಗುಳ ಸಿಕ್ಕಿದೆ ಎಂಬುದರ ಲೆಕ್ಕ ಯಾವ ವಿಮರ್ಶಕನೂ ಇಟ್ಟಿಲ್ಲ.

ಇನ್ನು ಹೆಣ್ಣುಮಕ್ಕಳ ಕಡೆ ಬರೋಣ. ಅಲ್ಲಿನ ಓದು ಬೇರೆ, ಪರಿಣಾಮ ಸೀದಾ ತಾಟಿಗೇ ಬರುತ್ತದೆ. ನಮ್ಮ ಸಾಲಿ ಅಕ್ಕೋರು ನಿವೃತ್ತಿಯಾದ ಮೇಲೆ ಬಿ. ಜಿ. ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಓದಿದರು. ಸ್ವಾಮಿಯವರು ಡಿವಿಜಿಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅವರ 'ಹಸುರು ಹೊನ್ನು' ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡಗಂಟಿಗಳ ವಿಷಯವನ್ನು ನಗೆ ಬೆರೆಸಿ ಹೇಳುವುದರಲ್ಲಿ ಅವರ ಸರಿಸಾಟಿ ಇಲ್ಲ. ಅಕ್ಕೋರು ದಕ್ಷಿಣ ಅಮೆರಿಕಾದ ಪುಸ್ತಕ ಮುಗಿಸಿದ ಮರುದಿನವೇ ಓಣಿಯಲ್ಲಿ ಒಂದು ಕುಬಸದ ಊಟ.

ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಕೆಂಪು ಖಾರ, ಬಟಾಟಿ ಪಲ್ಯ, ಗಟ್ಟಿ ಮೊಸರು. ಎಲ್ಲರೂ ಕೈ ಹಾಕುವ ಹೊತ್ತಿಗೆ ಸರಿಯಾಗಿ ಅಕ್ಕೋರು ಕೇಳಿದರು: "ಈ ತಾಟಿನಾಗ ನಮ್ಮ ದೇಶದ್ದ ಏನೇನೈತಿ ಹೇಳ್ರಿ ನೋಡೂಣು?"

ಸಾಲಿ ಬಿಟ್ಟು ನಲವತ್ತು ವರ್ಷವಾದ ಹೆಂಗಸರಿಗೂ ಆ ದನಿ ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಯಾರೋ ಅಂಜುತ್ತ, "ಖಾರ ನಮ್ದರೀ" ಅಂದರು.

"ಅಲ್ಲ. ಮೆಣಸಿನಕಾಯಿ ಅಮೆರಿಕಾ ಖಂಡದ್ದು. ಪೋರ್ತುಗೀಜರು ಹಡಗಿನಾಗ ತಂದ್ರು. ಅದಕ್ಕಿಂತ ಮೊದಲ ನಮ್ಮ ಮಂದಿಗೆ ಖಾರ ಅಂದ್ರ ಕರಿ ಮೆಣಸ."

"ಶೇಂಗಾ?"

"ದಕ್ಷಿಣ ಅಮೆರಿಕಾದ್ದು."

"ಬಟಾಟಿ?"

"ಅದೂ ಅಲ್ಲೀದ. ಗೋವಿನಜೋಳ ಮೆಕ್ಸಿಕೋದ್ದು. ಪೇರಲ, ಪಪ್ಪಾಯಿ, ಟೊಮೆಟೊ ಎಲ್ಲಾ ಆ ಕಡೆಯವ. ನಿಪ್ಪಾಣಿ ತಂಬಾಕ ಅಂತ ಎದಿ ಉಬ್ಬಿಸಿ ಹೇಳತೀರಲ್ಲ, ಅದೂ."

"ಜ್ವಾಳನರ ನಮ್ದ ಹೌದಿಲ್ಲೋ?"

ಈ ಪ್ರಶ್ನೆಗೆ ಸ್ವಾಮಿಯವರ ಪುಸ್ತಕ ಸಾಲದು, ಅಕ್ಕೋರು ತಮ್ಮ ಸ್ವಂತ ಜ್ಞಾನದಿಂದ ಉತ್ತರ ಕೊಟ್ಟರು. "ಆಫ್ರಿಕಾದ್ದು. ಸಾವಿರಾರು ವರ್ಷದ ಹಿಂದ ಬಂದೈತಿ. ಕಬ್ಬಿನ ಮೂಲ ನ್ಯೂಗಿನಿ. ನಿಮ್ಮ ತಾಟಿನಾಗ ಪಕ್ಕಾ ನಮ್ದು ಅನ್ನೂದು ಬದನಿಕಾಯಿ ಒಂದ. ಅದರಾಗೂ ತುಂಬಿದ ಶೇಂಗಾ ಹೊರಗಿಂದ. ತಾಟು ಬಿಟ್ಟು ಹೇಳೂದಾದ್ರ ಅರಿಷಿಣ ನಮ್ದ, ತೊಗರಿ ನಮ್ದ."

ಎಲ್ಲರೂ ಕೈಯಲ್ಲಿ ರೊಟ್ಟಿ ಹಿಡಿದು ಅಪರಾಧಿಗಳ ಹಾಗೆ ಕುಳಿತರು. ಆಗ ಅಕ್ಕೋರ ಅತ್ತೆ, ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ನೆನೆಸಿ ಉಣ್ಣುತ್ತಿದ್ದವರು, ತಲೆ ಎತ್ತಿದರು. "ಎಲ್ಲಿಂದರ ಬರವಲ್ದ್ಯಾಕ ತಂಗಿ. ನಾನೂ ಜಮಖಂಡಿಯಿಂದ ಬಂದಾಕಿ. ಅರವತ್ತ ವರ್ಷ ಈ ಮನಿ ಒಲಿ ಊದೇನಿ. ಇನ್ನೂ ನನ್ನ ಪರವೂರಾಕಿ ಅಂತೀಯೇನ?"

ಆ ಮುದುಕಿ ಸ್ವಾಮಿಯವರ ಪುಸ್ತಕದ ಒಂದು ಅಕ್ಷರ ಓದಿದವರಲ್ಲ. ಆದರೆ ಆ ಪುಸ್ತಕದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದೇ ಮೇಲು. ಯಾವುದು ನಮ್ಮದು, ಯಾವುದು ಪರರದು ಎಂದು ದಿನಬೆಳಗಾದರೆ ಟಿವಿಯಲ್ಲಿ ಕಿರುಚುವವರಿಗೆ ಆಕೆಯ ಕೈಯಿಂದ ಒಂದು ತುತ್ತು ಉಣಿಸಬೇಕು.

ಒಕ್ಕಲುತನದ ಪುಸ್ತಕಗಳ ಹಣೆಬರಹ ಇನ್ನೂ ಕಠಿಣ. ಉಳಿದ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಬಾಯಲ್ಲಿ ಹೇಳಿದರೆ ಮುಗಿಯಿತು, ಇದಕ್ಕೆ ಹೊಲವೇ ಸಾಕ್ಷಿ. ಸೊಸೈಟಿಯಲ್ಲಿ ನೌಕರಿ ಮಾಡುವ ನಮ್ಮ ಗೆಳೆಯನೊಬ್ಬ ಪೂರ್ಣಚಂದ್ರ ತೇಜಸ್ವಿಯವರ 'ಸಹಜ ಕೃಷಿ' ಓದಿದ. ಜಪಾನಿನ ಫುಕುವೋಕಾ ಹೇಳಿದ ಒಕ್ಕಲುತನ. ನೆಲ ಉಳಬಾರದು, ರಾಸಾಯನಿಕ ಗೊಬ್ಬರ ಹಾಕಬಾರದು, ಕಳೆ ಕೀಳುವ ಗೋಜಿಗೆ ಹೋಗಬಾರದು, ಔಷಧ ಹೊಡೆಯಬಾರದು. ಗೆಳೆಯ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ, ಬೆಳಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ನಾಲ್ಕೂ ಸೂತ್ರ ವಿವರಿಸಿದ. ಆಕೆ ಪೂರಾ ಕೇಳಿ ಅಂದಳು: "ಉಳಬಾರದು, ಕಳೀ ತಗೀಬಾರದು, ಗೊಬ್ಬರ ಹಾಕಬಾರದು. ನೀವು ಲಗ್ನಾದಾಗಿಂದ ಮಾಡಕೋತ ಬಂದದ್ದ ಅದನ್ನ ಅಲ್ಲರೀ? ಆ ಜಪಾನದಾಂವ ನಿಮ್ಮನ್ನ ನೋಡಿ ಬರದಿರಬೇಕ."

ಮಗ್ಗುಲ ಹೊಲದವನ ಅಭಿಪ್ರಾಯ ಇನ್ನೂ ಕಡಿಮೆ ಮಾತಿನದು: "ಪುಸ್ತಕ ನಿಂದು ನೀ ಇಟಗೋ. ಕಳಿ ಬೀಜ ನನ್ನ ಹೊಲಕ್ಕ ಬಿಡಬ್ಯಾಡ." ಗೆಳೆಯ ಕೊನೆಗೆ ಅಂಚಿನ ಒಂದು ಪಟ್ಟಿಯನ್ನು ಫುಕುವೋಕಾನಿಗೆ ಬಿಟ್ಟು, ಉಳಿದದ್ದಕ್ಕೆ ಕಬ್ಬು ಹಚ್ಚಿದ. ಆ ಪಟ್ಟಿಯಲ್ಲಿ ಈಗ ಎರೆಹುಳ ಇವೆ, ಹಕ್ಕಿ ಬರುತ್ತವೆ, ಬದನೆಯೂ ಬಿಡುತ್ತದೆ. ರೊಕ್ಕ ಬಂದಿಲ್ಲ. "ಪುಸ್ತಕ ಅರ್ಧ ಖರೆ ಐತಿ" ಎನ್ನುತ್ತಾನೆ. ಇಷ್ಟು ಪ್ರಾಮಾಣಿಕ ವಿಮರ್ಶೆ ಯಾವ ಪತ್ರಿಕೆಯಲ್ಲಿ ಬರುತ್ತದೆ, ಹೇಳ್ರಿ.

ಊರಿನ ಹುಡುಗರ ಓದು ವಾಚನಾಲಯದಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವೆಲ್ಲ ಮನೆ ಕರದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ತುಂಬುತ್ತೇವೆ. ರೊಕ್ಕದ ಲೆಕ್ಕದಲ್ಲಿ ಪಟ್ಟಣದ ಮನೆಯವರೆಲ್ಲ ಓದುಗರೇ. ಒಳಗೆ ಕೂತು ವಸೂಲಿ ಮಾಡುವವರು ಮಾತ್ರ ಪಿಎಸ್‌ಐ, ಎಫ್‌ಡಿಎ, ಪಿಡಿಓ ಪರೀಕ್ಷೆಯ ಬೆನ್ನು ಹತ್ತಿದ ಹುಡುಗರು. ಇವರ ಕೈಯಲ್ಲಿ ಹೆಚ್ಚು ಕಾಣುವುದು ಐಪಿಎಸ್ ಅಧಿಕಾರಿ ವಿಶ್ವಾಸ ನಾಂಗರೆ ಪಾಟೀಲರ 'ಮನ್ ಮೇ ಹೈ ವಿಶ್ವಾಸ್'. 2016ರಲ್ಲಿ ಬಂದ ಮರಾಠಿ ಪುಸ್ತಕ. ಪಕ್ಕದ ಸಾಂಗ್ಲಿ ಜಿಲ್ಲೆಯ ಕೋಕರೂಡ ಎಂಬ ಹಳ್ಳಿಯ ಹುಡುಗ ದೊಡ್ಡ ಪೊಲೀಸ್ ಸಾಹೇಬನಾದ ಕತೆ. ನಮ್ಮ ಹುಡುಗರು ಮರಾಠಿಯಲ್ಲಿ ಓದಿ, ಕನ್ನಡದಲ್ಲಿ ಕನಸು ಕಂಡು, ಅರ್ಜಿ ಇಂಗ್ಲಿಷಿನಲ್ಲಿ ತುಂಬುತ್ತಾರೆ. ಪುಸ್ತಕ ಮುಗಿದ ವಾರ ನಸುಕಿನ ನಾಲ್ಕಕ್ಕೆ ಎದ್ದು ರಸ್ತೆಯಲ್ಲಿ ಓಡುತ್ತಾರೆ. ಯಾರು ಆ ಪುಸ್ತಕ ಓದಿದರು ಎಂದು ನಾಯಿಗಳಿಗೆ ಮೊದಲು ಗೊತ್ತಾಗುತ್ತದೆ. ಮುಂದಿನ ವಾರ ನಾಯಿಗಳೂ ಮಲಗಿರುತ್ತವೆ, ಓದುಗನೂ ಮಲಗಿರುತ್ತಾನೆ.

ಅವರಲ್ಲೇ ಒಬ್ಬ ದಾರಿ ಬದಲಿಸಿ ರಾಬರ್ಟ್ ಕಿಯೋಸಾಕಿಯ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಓದಿದ. ಬಡ ಅಪ್ಪ ನೌಕರಿ ಮಾಡು ಅಂತಾನೆ, ಶ್ರೀಮಂತ ಅಪ್ಪ ಆಸ್ತಿ ಮಾಡು ಅಂತಾನೆ, ಕೂತಲ್ಲಿಗೆ ರೊಕ್ಕ ಬರುವಂತೆ ಮಾಡು ಅಂತಾನೆ. 2025ರ ನವೆಂಬರಿನಲ್ಲಿ ಕಬ್ಬಿನ ರೈತರು ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯ ಮೇಲೆ ಕುಳಿತಿದ್ದರಲ್ಲ, ಇವನ ಅಪ್ಪನೂ ಅಲ್ಲಿದ್ದ. ಬುತ್ತಿ ಕೊಡಲು ಹೋದ ಮಗ, ಬುತ್ತಿಯ ಜೋಡಿ ಕಿಯೋಸಾಕಿಯನ್ನೂ ಬಿಚ್ಚಿದ. ಅಪ್ಪ ಉಣ್ಣುತ್ತ ಕೇಳಿದ.

"ಅಂದ್ರ ಬಡ ಅಪ್ಪ ಅಂದ್ರ ನಾನ ಏನಲೇ?"

"ಹಂಗಲ್ಲಪಾ, ಅದು ಪುಸ್ತಕದಾಗ..."

"ಇರ್ಲಿ. ಆ ಶ್ರೀಮಂತ ಅಪ್ಪಗ ಕಬ್ಬಿನ ಹೊಲಾ ಎಷ್ಟ ಎಕರೆ ಇತ್ತ?"

"ಹೊಲಾ ಇದ್ದಿಲ್ಲಪಾ."

"ಅದಕ್ಕ ಶ್ರೀಮಂತ ಆಗ್ಯಾನ." ಸುತ್ತಲಿನವರೆಲ್ಲ ನಕ್ಕರು. ಟನ್ನಿಗೆ 3,300ರ ತೀರ್ಮಾನ ಬಂದು ಧರಣಿ ಎದ್ದ ಮೇಲೂ ಆ ಮಾತು ಊರಲ್ಲಿ ಉಳಿಯಿತು. ಕಿಯೋಸಾಕಿಗೆ ಇಂಥ ಉತ್ತರ ಅವನ ದೇಶದಲ್ಲಿ ಸಿಕ್ಕಿರಲಾರದು.

ಇವರೆಲ್ಲರಿಗೆ ಮೇಲೊಬ್ಬರು ಅಜ್ಜ ಇದ್ದಾರೆ. ಯಾವ ಪುಸ್ತಕದ ಹೆಸರು ತೆಗೆಯಿರಿ, "ಅದನ್ನ ಕಸ್ತೂರ್ಯಾಗ ಓದೇನಿ" ಎನ್ನುತ್ತಾರೆ. ಹುಬ್ಬಳ್ಳಿಯಿಂದ 1956ರಲ್ಲಿ ಶುರುವಾದ 'ಕಸ್ತೂರಿ' ಮಾಸಿಕ, ಅದನ್ನು ಬೆಳೆಸಿದ ಪಾ. ವೆಂ. ಆಚಾರ್ಯರು, ಕೊನೆಯ ಪುಟಗಳ 'ಪುಸ್ತಕ ವಿಭಾಗ'. ದೊಡ್ಡ ದೊಡ್ಡ ಗ್ರಂಥಗಳನ್ನು ಸಂಕ್ಷೇಪ ಮಾಡಿ ಹಳ್ಳಿಯ ಕಟ್ಟೆಗೆ ಮುಟ್ಟಿಸಿದ ಆ ವಿಭಾಗ ಇರದಿದ್ದರೆ ನಮ್ಮ ಹಿಂದಿನ ಎರಡು ತಲೆಮಾರಿಗೆ ಸಮುದ್ರ, ಹಿಮಾಲಯ, ಮಹಾಯುದ್ಧ ಯಾವುದೂ ಗೊತ್ತಾಗುತ್ತಿರಲಿಲ್ಲ. ಅಜ್ಜನ ಜ್ಞಾನಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಮೊನ್ನೆ ಮೊನ್ನೆ ಬಂದ ಪುಸ್ತಕವನ್ನೂ ಅವರು ಕಸ್ತೂರಿಯಲ್ಲಿ ಓದಿಬಿಟ್ಟಿರುತ್ತಾರೆ. ಒಮ್ಮೆ ಹುಡುಗರು ಬೇಕೆಂತಲೇ ಇಲ್ಲದ ಪುಸ್ತಕವೊಂದರ ಹೆಸರು ಹೇಳಿದರು. ಅಜ್ಜ ಗಡ್ಡ ಸವರಿ, "ಓದೇನಿ. ಖರೆ ಕಸ್ತೂರ್ಯಾಗ ಬಂದಾಗ ಇದಕ್ಕಿಂತ ಚಲೋ ಇತ್ತ" ಅಂದರು. ಸಾಹಿತ್ಯಲೋಕದಲ್ಲಿ ಹೀಗೆ ಮಾತಾಡಿದವರಿಗೆ ಹಿರಿಯ ವಿಮರ್ಶಕರು ಎನ್ನುವುದುಂಟು.

ನಗೆ ನಿಂತದ್ದು ಒಂದು ಸಲ ಮಾತ್ರ. ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ತರುಣ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿ ಬಂದಿದ್ದ. ಮುದ್ದೇಬಿಹಾಳದ ದಲಿತ ಕೇರಿಯಲ್ಲಿ ಹುಟ್ಟಿದವರು ತಮ್ಮ ಬಾಲ್ಯ ಬರೆದ ಪುಸ್ತಕ, 1994ರಲ್ಲಿ ಬಂದದ್ದು. ತರುಣ ಒಳ್ಳೆಯವ, ಓದಿ ನಿಜವಾಗಿಯೂ ಅಲ್ಲಾಡಿದ್ದ. ಚಾದಂಗಡಿಯಲ್ಲಿ ನಿಂತು, ಹಿಂಗೂ ಇತ್ತೇನ್ರೀ, ಮನುಷ್ಯ ಮನುಷ್ಯಗ ಹಿಂಗೂ ಮಾಡತಾನೇನ್ರೀ ಎಂದು ಗಂಟಲು ಕಟ್ಟಿ ಮಾತಾಡಿದ. ನಾವೆಲ್ಲ ಚ್ಚ್‌ ಚ್ಚ್‌ ಅಂದೆವು. ಬಾಕಿನ ಆ ತುದಿಯಲ್ಲಿ ಕೇರಿಯ ಹಿರಿಯರೊಬ್ಬರು ಚಾ ಕುಡಿಯುತ್ತ ಕುಳಿತಿದ್ದರು. ಲೋಟ ಕೆಳಗಿಟ್ಟು ಅಂದರು:

"ಮಾಸ್ತರ್, ಅದರಾಗ ನನಗ ಹೊಸಾದೇನಿಲ್ಲರಿ. ನೀವು ಗಾಬರಿ ಆದ್ರೆಲ್ಲ, ಅದ ಹೊಸಾದು. ಇಷ್ಟ ದಿನಾ ನಾವೂ ಇದ ಊರಾಗ ಇದ್ದಿವಿ."

ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು. ಹಿಂದೆ ಅವರ ಹುಡುಗತನದಲ್ಲಿ ಚಾದಂಗಡಿಗಳ ಹೊರಗೆ ಬೇರೆ ಕಪ್ಪು ಇಟ್ಟಿರುತ್ತಿದ್ದರು. ಕುಡಿದು ತಾವೇ ತೊಳೆದು ಇಡಬೇಕು. ಅವರ ಮುತ್ಯಾ 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಪರಿಷತ್ತಿಗೆ ಬಂದಾಗ ನಡೆದುಕೊಂಡು ಹೋಗಿದ್ದನಂತೆ. ಸಾಹೇಬರು ಏನು ಮಾತಾಡಿದರು ಎಂದು ಕೇಳಿದರೆ ಮುತ್ಯಾನಿಗೆ ನೆನಪಿರಲಿಲ್ಲ. ಮರಳಿ ಬಂದ ಮೇಲೆ ಆ ಕಪ್ಪಿನಲ್ಲಿ ಚಾ ಕುಡಿಯುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ. ಒಂದು ಭಾಷಣಕ್ಕೆ ಇದಕ್ಕಿಂತ ದೊಡ್ಡ ಪ್ರತಿಕ್ರಿಯೆ ಏನಿದೆ?

ತರುಣ ಮಾಸ್ತರ ಆ ದಿನದ ಮೇಲೆ ಗಂಟಲು ಕಟ್ಟಿ ಮಾತಾಡುವುದು ಕಡಿಮೆ ಮಾಡಿದ. ಆ ಹಿರಿಯರ ಪಕ್ಕ ಕುಳಿತು ಕೇಳುವುದು ಹೆಚ್ಚು ಮಾಡಿದ. ಅವನ ಮದುವೆ ಕಾರ್ಡು ಹಂಚುವಾಗ ಕೇರಿಗೂ ಹೋದ, ಅವರ ಮನೆಯಲ್ಲಿ ಉಂಡೂ ಬಂದ. ಓದಿದ್ದು ಮೈಗೆ ಹತ್ತಿದೆಯೋ ಇಲ್ಲವೋ ಎಂದು ನೋಡಲು ನನಗೆ ತಿಳಿದಿರುವ ಪರೀಕ್ಷೆ ಇದೊಂದೇ.

ಇಷ್ಟು ಹೇಳಿ ಇನ್ನೊಂದು ಮಂದಿಯ ಬಗ್ಗೆ ಹೇಳದಿದ್ದರೆ ಹರಟೆ ಊನವಾದೀತು. ಅವರು ಪುಸ್ತಕ ಬಿಡುಗಡೆಯ ಅತಿಥಿಗಳು. ಕಾರಿನಲ್ಲಿ ಬರುವಾಗ ಬೆನ್ನುಡಿ ಓದುತ್ತಾರೆ, ವೇದಿಕೆಯ ಮೇಲೆ ಸ್ವಾಗತ ಭಾಷಣ ನಡೆದಾಗ ಮುನ್ನುಡಿ ಓದುತ್ತಾರೆ, ತಮ್ಮ ಸರದಿ ಬಂದಾಗ ಲೇಖಕರ ತಾಯಿತಂದೆ, ಗುರುಹಿರಿಯರು, ಕನ್ನಡದ ಅಳಿವು ಉಳಿವು ಎಂದು ಅರ್ಧ ತಾಸು ಮಾತಾಡಿ, "ಈ ಕೃತಿ ಎಲ್ಲರೂ ಕೊಂಡು ಓದಬೇಕು" ಎಂದು ಮುಗಿಸುತ್ತಾರೆ. ತಾವು ಮಾತ್ರ ಶಾಲು, ಹಾರ, ಗೌರವಪ್ರತಿ ಮೂರನ್ನೂ ಬಗಲಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಇವರ ತಮ್ಮಂದಿರು ವಾಟ್ಸಾಪಿನಲ್ಲಿ ಇದ್ದಾರೆ. ಮುಖಪುಟದ ಫೋಟೋ ಹಾಕಿದ ಅರ್ಧ ನಿಮಿಷಕ್ಕೆ "ಅದ್ಭುತ ಕೃತಿ ಸರ್" ಎಂಬ ಮಾತು, ಮೂರು ಕೈ ಮುಗಿಯುವ ಚಿತ್ರ. ಐನೂರು ಪುಟದ ಪುಸ್ತಕವನ್ನು ಅರ್ಧ ನಿಮಿಷಕ್ಕೆ ಮುಗಿಸುವ ಈ ವಿದ್ಯೆ ನಮ್ಮ ಪರೀಕ್ಷೆಯ ಹುಡುಗರಿಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ಊರತುಂಬ ಪಿಎಸ್‌ಐಗಳು ಇರುತ್ತಿದ್ದರು.

ಲೇಖಕರನ್ನು ಕೇಳಿ ನೋಡಿ, ಎದುರಿಗೆ ಇಲ್ಲ ಅಂದರೂ ಒಳಗೊಳಗೆ ಅವರಿಗೆ ಈ "ಅದ್ಭುತ"ವೇ ಇಷ್ಟ. ಆದರೆ ಪುಸ್ತಕವನ್ನು ಬದುಕಿಸುವುದು ಅದಲ್ಲ. ಜಮಖಂಡಿಯ ಮುದುಕಿಯ ಎದುರುಮಾತು, "ಅರ್ಧ ಖರೆ" ಎಂದ ಗೆಳೆಯ, ಶ್ರೀಮಂತ ಅಪ್ಪನ ಹೊಲದ ಎಕರೆ ಕೇಳಿದ ರೈತ, "ನನಗ ಹೊಸಾದೇನಿಲ್ಲ" ಎಂದ ಹಿರಿಯರು, ಇವರು ಪುಸ್ತಕದ ಜೋಡಿ ಜಗಳಕ್ಕೆ ನಿಂತವರು. ಖರೇ ಸಂಗತಿಯ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಬರೆದವನು ಖರೆ ಅಂದದ್ದನ್ನು ತಮ್ಮ ಹೊಲ, ತಾಟು, ಓಣಿಯ ಮೇಲೆ ಇಟ್ಟು ನೋಡಿ, ಹೌದು ಅಥವಾ ಅಲ್ಲ ಎಂದು ಎದುರಿಗೇ ಹೇಳುವುದು. ನನ್ನನ್ನು ಕೇಳಿದರೆ ಕನ್ನಡಕ್ಕೆ ಹೊಗಳುವ ಓದುಗರು ಸಾಕು, ಬೇಕಾಗಿರುವವರು ಎದುರು ವಾದಿಸುವ ಓದುಗರು.

ಆದ್ದರಿಂದ ಇದನ್ನು ಓದುತ್ತಿರುವ ನೀವೂ ಒಂದು ಉಪಕಾರ ಮಾಡಿರಿ. ಮುಂದಿನ ಪುಸ್ತಕ ಮುಗಿಸಿದ ಮೇಲೆ ಚಲೋ ಐತಿ, ಅದ್ಭುತ, ಮನ ಮುಟ್ಟಿತು ಎಂಬ ಮೂರೂ ಮಾತು ಬಿಟ್ಟು ನಾಲ್ಕನೆಯದು ಏನಾದರೂ ಹೇಳಿರಿ. ಯಾವ ಪುಟದಲ್ಲಿ ಬರೆದವನ ಜೋಡಿ ತಂಟೆ ಮಾಡಬೇಕೆನಿಸಿತು, ಅಷ್ಟು ಹೇಳಿದರೆ ಸಾಕು. ಹಾಗೆಯೇ, ನಮ್ಮ ಮನೆಯಿಂದ 'ಹಸುರು ಹೊನ್ನು' ಒಯ್ದವರು ಯಾರೇ ಇರಲಿ, ಅಭಿಪ್ರಾಯ ಆಮೇಲೆ ಹೇಳುವಿರಂತೆ, ಮೊದಲು ಪುಸ್ತಕ ತಂದು ಕೊಡ್ರಿ.